ಅಡ್ಜಾಯಿಂಟ್ ಸಾಲ್ವರ್ ಪದೇ ಪದೇ ಸ್ಫೋಟ, ಪ್ರೈಮಲ್ ಮಾತ್ರ ಓಡುತ್ತಿದೆ. ಎಲ್ಲಿ ನೋಡಬೇಕು?

ಪೀಣ್ಯ_ಡಕ್ಟ್

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಮೊಸರಾಗಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಎಲೆಕ್ಟ್ರಿಕ್ ಬಸ್ಸಿನ ಬ್ಯಾಟರಿಗೆ ತಂಪು ಗಾಳಿ ಕೊಡುವ ಡಕ್ಟ್ ಇದು. ಎಸ್ ಆಕಾರದ ಬಾಗು, ಸುಮಾರು 150 ಮಿ.ಮೀ. ಅಗಲ, ಗಾಳಿ ಸೆಕೆಂಡಿಗೆ 8 ಮೀಟರ್, ಅಂದರೆ ರೆನಾಲ್ಡ್ಸ್ ನಂಬರ್ 80 ಸಾವಿರದ ಆಸುಪಾಸು. ಒಟ್ಟು ಪ್ರೆಶರ್ ನಷ್ಟ ಕಡಿಮೆ ಮಾಡಬೇಕು, ಚಾಸಿಯವರು ಕೊಟ್ಟ ಜಾಗ ಮಾತ್ರ ಮೀರಬಾರದು. ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರ್ ಓಪನ್‌ಫೋಮ್‌ನ ಅಡ್ಜಾಯಿಂಟ್‌ಆಪ್ಟಿಮೈಸೇಶನ್‌ಫೋಮ್ ಬಳಸುತ್ತಿದ್ದೇನೆ. ಅಡ್ಜಾಯಿಂಟ್ ಅಂದರೆ ಗೋಡೆಯನ್ನು ಎಲ್ಲಿ ಸರಿಸಿದರೆ ನಷ್ಟ ಎಷ್ಟು ಬದಲಾಗುತ್ತದೆ ಅಂತ ಹೇಳುವ ಲೆಕ್ಕ. ಟರ್ಬುಲೆನ್ಸ್‌ಗೆ ಸ್ಪಾಲಾರ್ಟ್-ಆಲ್ಮಾರಸ್ ಮಾಡೆಲ್, ಅದರ ಅಡ್ಜಾಯಿಂಟ್ ಕೂಡ ಆನ್ ಇದೆ. ಮೆಶ್, ಅಂದರೆ ಡಕ್ಟ್‌ನ ಒಳಜಾಗವನ್ನು ಸಣ್ಣ ಸೆಲ್‌ಗಳಾಗಿ ಕತ್ತರಿಸಿದ ಬಲೆ, ಸ್ನ್ಯಾಪಿಹೆಕ್ಸ್‌ಮೆಶ್‌ನಲ್ಲಿ ಮಾಡಿದ 18 ಲಕ್ಷ ಸೆಲ್. ಆಕಾರ ಬದಲಿಸುವುದಕ್ಕೆ ಬಿ-ಸ್ಪ್ಲೈನ್ ಕಂಟ್ರೋಲ್ ಬಾಕ್ಸ್, ಅದರ ಪಾಯಿಂಟ್ ಸರಿಸಿದರೆ ಒಳಗಿನ ಗೋಡೆಯೂ ಸರಿಯುತ್ತದೆ.

ಪ್ರೈಮಲ್, ಅಂದರೆ ಗಾಳಿಯ ಹರಿವಿನ ಮೂಲ ಲೆಕ್ಕ, ಓಡುತ್ತದೆ. ಪ್ರೆಶರ್ ರೆಸಿಡ್ಯುಯಲ್ (ಲೆಕ್ಕದಲ್ಲಿ ಇನ್ನೂ ಉಳಿದ ತಪ್ಪು) 10⁻⁴ ತನಕ ಇಳಿದು ಅಲ್ಲೇ ಸ್ವಲ್ಪ ಮೇಲೆ ಕೆಳಗೆ ಆಡುತ್ತಾ ಕೂರುತ್ತದೆ. ಅಡ್ಜಾಯಿಂಟ್ ಕೂಡ ಶುರುವಿನಲ್ಲಿ ಚೆನ್ನಾಗೇ ಇಳಿಯುತ್ತದೆ. 300ನೇ ಇಟರೇಷನ್ ಹೊತ್ತಿಗೆ ವಾಪಸ್ ಏರೋದಕ್ಕೆ ಶುರು, 600 ದಾಟುವುದರೊಳಗೆ ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಷನ್, ಮುಗೀತು. ರಿಲ್ಯಾಕ್ಸೇಶನ್ ಫ್ಯಾಕ್ಟರ್, ಅಂದರೆ ಒಂದೊಂದು ಇಟರೇಷನ್‌ಗೆ ಎಷ್ಟು ಬದಲಾವಣೆ ಬಿಡಬೇಕು ಅನ್ನೋದು, ವೆಲಾಸಿಟಿಗೆ 0.7ರಿಂದ 0.3ಕ್ಕೆ, ಪ್ರೆಶರ್‌ಗೆ 0.3ರಿಂದ 0.1ಕ್ಕೆ ಇಳಿಸಿ ನೋಡಿದೆ. ಸ್ಫೋಟ ತಡವಾಗುತ್ತದೆ, ನಿಲ್ಲುವುದಿಲ್ಲ.

ತಮಾಷೆ ಅಂದರೆ 3 ಲಕ್ಷ ಸೆಲ್ಲಿನ ಹಳೇ ಮೆಶ್‌ನಲ್ಲಿ ಇದೇ ಕೇಸ್ ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ. ಮೆಶ್ ಚೆನ್ನಾಗಿ ಮಾಡಿದ್ದಕ್ಕೆ ಶಿಕ್ಷೆನಾ ಇದು? ಸೋಮವಾರ ರಿವ್ಯೂ ಬೇರೆ ಇದೆ. ಯಾರಾದರೂ ದಾರಿ ತೋರಿಸಿ.

ಗಿರಿನಗರ_ಗ್ರಿಡ್

ಗುರು, ಅಡ್ಜಾಯಿಂಟ್ ಸಮೀಕರಣದ ಎಟಿಸಿ (ಅಡ್ಜಾಯಿಂಟ್ ಟ್ರಾನ್ಸ್‌ಪೋಸ್ ಕನ್ವೆಕ್ಷನ್) ಟರ್ಮ್ ಆಫ್ ಮಾಡಿ. ಎಟಿಸಿ ಮಾಡೆಲ್‌ನಲ್ಲಿ ಕ್ಯಾನ್ಸಲ್ ಅಂತ ಆಯ್ಕೆ ಇದೆ. ಅಡ್ಜಾಯಿಂಟ್ ಕನ್ವೆಕ್ಷನ್‌ಗೆ ಫಸ್ಟ್ ಆರ್ಡರ್ ಅಪ್‌ವಿಂಡ್ ಹಾಕಿ. ನೂರಕ್ಕೆ ತೊಂಬತ್ತು ಸಲ ಕನ್ವರ್ಜ್ ಆಗುತ್ತದೆ, ಅಂದರೆ ಒಂದು ಉತ್ತರಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕಡೆ ಎಲ್ಲರೂ ಮಾಡೋದು ಇಷ್ಟೇ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ವೋರ್ಟೆಕ್ಸ್_ವಿಜಯನಗರ

ಸ್ವಲ್ಪ ತಡೆಯಿರಿ. ಎಟಿಸಿ ಮುಟ್ಟುವ ಮೊದಲು ನಿಮ್ಮ ಪೋಸ್ಟಿನಲ್ಲೇ ಇರುವ ಎರಡು ಸುಳಿವು ನೋಡಿ: ಪ್ರೈಮಲ್ 10⁻⁴ ಹತ್ತಿರ ಆಡುತ್ತಾ ಕೂತಿದೆ, ಮತ್ತು ದಪ್ಪ ಮೆಶ್‌ನಲ್ಲಿ (ದೊಡ್ಡ ಸೆಲ್‌ಗಳ 3 ಲಕ್ಷದ್ದು) ಎಲ್ಲ ಸರಿ ಹೋಗುತ್ತದೆ. ಇವೆರಡೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ನಿಮ್ಮ ಹರಿವು ನಿಜವಾಗಿ ಸ್ಟೆಡಿ ಅಲ್ಲ. ಒಳಬಾಗಿನ ಹಿಂದೆ ಹರಿವು ಗೋಡೆ ಬಿಟ್ಟು, ಅಲ್ಲೊಂದು ಸುಳಿ ನಿಧಾನಕ್ಕೆ ಅಲ್ಲಾಡುತ್ತಿರುತ್ತದೆ. 3 ಲಕ್ಷ ಸೆಲ್ಲಿನಲ್ಲಿ ಮೆಶ್‌ನ ದಪ್ಪದಿಂದಲೇ ಬರುವ ನಕಲಿ ಡಿಫ್ಯೂಷನ್ ಆ ಸುಳಿಯನ್ನು ಒತ್ತಿ ಹಿಡಿದಿತ್ತು. 18 ಲಕ್ಷಕ್ಕೆ ಹೋದ ಕೂಡಲೇ ಅದಕ್ಕೆ ಕೈಕಾಲು ಬಂತು.

ಪ್ರೈಮಲ್ ಯಾಕೆ ಸಿಡಿಯುವುದಿಲ್ಲ ಅಂದರೆ ಅದು ನಾನ್‌ಲೀನಿಯರ್. ಅಲ್ಲಾಟ ಸ್ವಲ್ಪ ಬೆಳೆದ ಮೇಲೆ ಹರಿವೇ ಬದಲಾಗಿ ಅದನ್ನು ಹಿಡಿದು ನಿಲ್ಲಿಸುತ್ತದೆ, ರೆಸಿಡ್ಯುಯಲ್ ಮೇಲೆ ಕೆಳಗೆ ಕುಣಿದುಕೊಂಡು ಇರುತ್ತದೆ. ಅಡ್ಜಾಯಿಂಟ್ ಹಾಗಲ್ಲ, ಅದು ಪೂರ್ತಿ ಲೀನಿಯರ್. ನೀವು ಕೊಟ್ಟ ಆ ಒಂದು ಗಳಿಗೆಯ ಹರಿವನ್ನು ಹೆಪ್ಪುಗಟ್ಟಿಸಿಕೊಂಡು ಅದರ ಸುತ್ತ ಲೆಕ್ಕ ಹಾಕುತ್ತದೆ. ಅದರಲ್ಲಿ ಬೆಳೆಯುವ ಮೋಡ್, ಅಂದರೆ ತಾನಾಗಿ ಹಿಗ್ಗುವ ಅಲ್ಲಾಟ, ಒಂದೇ ಒಂದಿದ್ದರೂ ಸಾಕು, ತಡೆಯುವವರು ಯಾರೂ ಇಲ್ಲ, 10ರ 30ನೇ ಘಾತದ ತನಕ ಹೋಗುತ್ತದೆ. ಅದಕ್ಕೇ ರಿಲ್ಯಾಕ್ಸೇಶನ್ ಇಳಿಸಿದರೆ ತಡವಾಗುತ್ತದೆ ಅಷ್ಟೇ. ಈಗ ಅಡ್ಜಾಯಿಂಟ್ ಸೆಟ್ಟಿಂಗ್ ಒಂದೊಂದಾಗಿ ತಿರುಗಿಸುತ್ತಾ ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇದು ನನ್ನ ಊಹೆ, ಆದರೆ ಪರೀಕ್ಷೆ ಸುಲಭ. ಅಡ್ಜಾಯಿಂಟ್ ವೆಲಾಸಿಟಿಯ ಗರಿಷ್ಠ ಬೆಲೆಯನ್ನು ಪ್ರತಿ ಇಟರೇಷನ್‌ಗೂ ಬರೆಸಿ, ಲಾಗ್ ಸ್ಕೇಲ್‌ನಲ್ಲಿ ಗೆರೆ ಎಳೆಯಿರಿ. 300ರಿಂದ 600ರ ನಡುವೆ ಗೆರೆ ನೆಟ್ಟಗೆ ಏರಿದರೆ ಅದು ಬೆಳೆಯುವ ಮೋಡ್. ಹಾಗಲ್ಲದೆ ಸುಮ್ಮನಿದ್ದು ಒಂದೇ ಸಲ ಗೋಡೆಯ ಹಾಗೆ ಎದ್ದರೆ ಯಾವುದೋ ಕೆಟ್ಟ ಸೆಲ್ ಅಥವಾ ಬೌಂಡರಿ.

ಎರಡನೆಯದು, ಸಿಡಿದ ಮೇಲೆ ನೋಡಬೇಡಿ, ಆಗ ಎಲ್ಲ ಕಡೆ ಕೆಂಪೇ. ಸಿಡಿಯುವ ಸ್ವಲ್ಪ ಮೊದಲಿನ ಫೀಲ್ಡ್‌ಗಳು ಬೇಕು. 20 ಇಟರೇಷನ್‌ಗೊಮ್ಮೆ ಬರೆಸಿ, ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ಅಡ್ಜಾಯಿಂಟ್ ವೆಲಾಸಿಟಿ ಮೇಲೆ ಥ್ರೆಶೋಲ್ಡ್ ಹಾಕಿ. ಗೋಡೆ ಪಕ್ಕದ ತೆಳು ಸೆಲ್‌ಗಳ ಪದರ (ಲೇಯರ್) ಕುಸಿದ ಜಾಗದಲ್ಲಿ ಒಂದೆರಡು ಸೆಲ್ ಮಾತ್ರ ಮಿನುಗಿದರೆ ಮೆಶ್. ಔಟ್‌ಲೆಟ್‌ಗೆ ಅಂಟಿಕೊಂಡು ಎದ್ದರೆ ಬೌಂಡರಿ ಕಂಡಿಷನ್. ಸುಳಿಯ ಅಂಚಿನಲ್ಲಿ ಒಂದು ಉದ್ದನೆಯ ಗುಡ್ಡೆ ಹುಟ್ಟಿ ಇನ್‌ಲೆಟ್ ಕಡೆಗೆ ತೆವಳಿದರೆ ನಾನು ಹೇಳಿದ್ದು. ಅಡ್ಜಾಯಿಂಟ್‌ನಲ್ಲಿ ಮಾಹಿತಿ ಗಾಳಿಗೆ ಎದುರಾಗಿ ಹೋಗುತ್ತದೆ, ಅದಕ್ಕೇ ಇನ್‌ಲೆಟ್ ಕಡೆಗೆ.

ಕೋರ್ ಜಾಸ್ತಿ ಹಾಕಿದರೆ ಸರಿ ಹೋಗುತ್ತಾ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ಇಲ್ಲ. ಐಐಎಸ್‌ಸಿಯ ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗ ಕೊಟ್ಟರೂ ಇದೇ ಸಿಡಿತ ಇನ್ನೂ ಬೇಗ ಸಿಗುತ್ತದೆ, ಅಷ್ಟೇ ಲಾಭ.

ಗಿರಿನಗರ_ಗ್ರಿಡ್

ವೋರ್ಟೆಕ್ಸ್ ಸರ್, ಥಿಯರಿ ಸರಿ. ಆದರೆ ಸೋಮವಾರ ರಿವ್ಯೂ ಇರುವವರಿಗೆ ಎಟಿಸಿ ಆಫ್ ಮಾಡಿದರೆ ಒಂದು ಚಿತ್ರನಾದರೂ ಸಿಗುತ್ತದೆ ಅಲ್ವಾ?

ಎಂಟನೇ_ಕ್ರಾಸ್

ಚಿತ್ರ ಸಿಗುತ್ತದೆ ಸ್ವಾಮಿ. ಯಾವುದರ ಚಿತ್ರ ಅನ್ನೋದೇ ಪ್ರಶ್ನೆ.

ಎಟಿಸಿ ಅಲಂಕಾರಕ್ಕೆ ಇಟ್ಟ ಟರ್ಮ್ ಅಲ್ಲ. ಮೊಮೆಂಟಮ್ ಸಮೀಕರಣದಲ್ಲಿ ವೆಲಾಸಿಟಿ ಎರಡು ಸಲ ಬರುತ್ತದೆ: ಹೊತ್ತುಕೊಂಡು ಹೋಗುವುದೂ ಅದೇ, ಹೊರಿಸಿಕೊಳ್ಳುವುದೂ ಅದೇ. ಎರಡನ್ನೂ ಡಿಫರೆನ್ಷಿಯೇಟ್ ಮಾಡಿದಾಗ ಅಡ್ಜಾಯಿಂಟ್‌ನಲ್ಲಿ ಎರಡು ಟರ್ಮ್ ಹುಟ್ಟುತ್ತವೆ. ಒಂದು ಉಲ್ಟಾ ದಿಕ್ಕಿನ ಕನ್ವೆಕ್ಷನ್, ಇನ್ನೊಂದು ಈ ಎಟಿಸಿ. ಅದನ್ನು ಕಿತ್ತು ಹಾಕಿದರೆ ನೀವು ಬಿಡಿಸುತ್ತಿರುವುದು ಬೇರೆಯೇ ಸಮೀಕರಣ. ನೆಟ್ಟಗಿನ ಡಕ್ಟ್‌ನಲ್ಲಿ ಬಚಾವಾಗಬಹುದು. ಎಸ್ ಬಾಗಿನಲ್ಲಿ, ಅದರಲ್ಲೂ ಸುಳಿಯ ಪಕ್ಕ, ಸೆನ್ಸಿಟಿವಿಟಿಯ (ಗೋಡೆ ಸರಿದರೆ ನಷ್ಟ ಎಷ್ಟು ಬದಲಾಗುತ್ತದೆ ಅನ್ನುವ ಬೆಲೆ, ಗ್ರೇಡಿಯಂಟ್ ಅನ್ನುವುದೂ ಇದನ್ನೇ) ಚಿಹ್ನೆಯೇ ತಿರುಗಬಹುದು. ಗೋಡೆ ಒಳಗೆ ತಳ್ಳಬೇಕಾದ ಕಡೆ ಹೊರಗೆ ಎಳೆಯುತ್ತೀರಿ. ಸೋಮವಾರದ ರಿವ್ಯೂ ಪಾಸಾಗುತ್ತದೆ, ಫೈಬರ್ ಮೋಲ್ಡ್ ಆದ ಮೇಲೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಅದು ಯಾಕೆ ಕಾಟ ಕೊಡುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಆಯಿತು. ಎಟಿಸಿ ಮೂರೂ ವೆಲಾಸಿಟಿ ಘಟಕಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ಒಂದೊಂದು ಘಟಕವನ್ನು ಬೇರೆ ಬೇರೆ ಬಿಡಿಸುವ ಸಾಲ್ವರ್‌ನಲ್ಲಿ ಅದನ್ನು ಎಕ್ಸ್‌ಪ್ಲಿಸಿಟ್ ಆಗಿ, ಅಂದರೆ ಹಿಂದಿನ ಇಟರೇಷನ್‌ನ ಬೆಲೆ ಹಾಕಿ, ಸೋರ್ಸ್ ಕಡೆ ತಳ್ಳುತ್ತಾರೆ. ಗ್ರೇಡಿಯಂಟ್ ಜೋರಾಗಿರುವ ಕಡೆ, ಅಂದರೆ ಗೋಡೆ ಪಕ್ಕ ಮತ್ತು ಸುಳಿಯ ಅಂಚಿನಲ್ಲಿ, ಆ ಸೋರ್ಸ್ ಮೇಲುಗೈ ಪಡೆಯುತ್ತದೆ. ಹಾಗಾಗಿ ಪೂರ್ತಿ ತೆಗೆಯುವ ಬದಲು ಗೋಡೆಗೆ ತಾಗಿದ ಸೆಲ್‌ಗಳಲ್ಲಿ ಮಾತ್ರ ಶೂನ್ಯ ಮಾಡಿ, ಆ ಮಾಸ್ಕ್ ಅನ್ನು ಸ್ವಲ್ಪ ಸ್ಮೂತ್ ಮಾಡಿ. ಅದಕ್ಕೆ ಸೆಟ್ಟಿಂಗ್ ಇದೆ, ಯಾವ ಪ್ಯಾಚ್, ಅಂದರೆ ಬೌಂಡರಿಯ ಯಾವ ಭಾಗ, ಅಂತ ಹೇಳಬಹುದು. ಎಟಿಸಿಗೆ ಎರಡು ರೂಪ ಕೂಡ ಇವೆ. ಒಂದರಲ್ಲಿ ಪ್ರೈಮಲ್ ವೆಲಾಸಿಟಿಯ ಗ್ರೇಡಿಯಂಟ್ ಬರುತ್ತದೆ, ಇನ್ನೊಂದರಲ್ಲಿ ಅಡ್ಜಾಯಿಂಟ್ ವೆಲಾಸಿಟಿಯ ಗ್ರೇಡಿಯಂಟ್. ಕಾಗದದ ಮೇಲೆ ಎರಡೂ ಒಂದೇ ಉತ್ತರ ಕೊಡಬೇಕು, ಮೆಶ್ ಮೇಲೆ ಎರಡರ ಸ್ವಭಾವ ಬೇರೆ. ಒಂದು ಸಿಡಿದರೆ ಇನ್ನೊಂದನ್ನು ನೋಡಿ.

ಟರ್ಬುಲೆನ್ಸ್ ಅಡ್ಜಾಯಿಂಟ್ ಆನ್ ಇಟ್ಟಿದ್ದೀರಿ, ಒಳ್ಳೆಯದು. 2008ರಲ್ಲಿ ಓಥ್ಮರ್ ಡಕ್ಟ್‌ಗಳ ಬಗ್ಗೆ ಬರೆದ ಪೇಪರ್‌ನಲ್ಲಿ ಟರ್ಬುಲೆನ್ಸ್ ಹೆಪ್ಪುಗಟ್ಟಿದೆ ಅಂದುಕೊಂಡೇ ಲೆಕ್ಕ ಇತ್ತು, ಬಹಳ ಜನ ಇನ್ನೂ ಹಾಗೇ ಮಾಡುತ್ತಾರೆ. ಅಥೆನ್ಸ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಗುಂಪು 2009ರಲ್ಲಿ ಸ್ಪಾಲಾರ್ಟ್-ಆಲ್ಮಾರಸ್‌ಗೆ ಕಂಟಿನ್ಯುಯಸ್ ಅಡ್ಜಾಯಿಂಟ್ ಬರೆದು, ಹೆಪ್ಪುಗಟ್ಟಿಸಿದರೆ ಗ್ರೇಡಿಯಂಟ್ ಎಷ್ಟು ಕೆಡಬಹುದು ಅಂತ ತೋರಿಸಿತು. ನೀವು ಬಳಸುತ್ತಿರುವ ಸಾಲ್ವರ್ ಅದೇ ಗುಂಪಿನದು, 1906ನೇ ಆವೃತ್ತಿಯಲ್ಲಿ ಓಪನ್‌ಫೋಮ್ ಒಳಗೆ ಬಂತು. 1906 ಅಂದರೆ 2019ರ ಜೂನ್, ಗಾಬರಿಯಾಗಬೇಡಿ.

ಇನ್ನೊಂದು ಮಾತು. ಔಟ್‌ಲೆಟ್ ಎಲ್ಲಿದೆ? ಬಾಗು ಮುಗಿದ ಕೂಡಲೇ ಕತ್ತರಿಸಿದ್ದೀರಾ?

ಪೀಣ್ಯ_ಡಕ್ಟ್

ಸರ್, ಹೌದು, ಬಾಗು ಮುಗಿದು ಒಂದು ಅಗಲದಷ್ಟು ದೂರಕ್ಕೇ ಔಟ್‌ಲೆಟ್ ಇದೆ. ಗ್ರಾಹಕರ ಕ್ಯಾಡ್ ಅಲ್ಲಿಗೇ ನಿಲ್ಲುತ್ತದೆ.

ವೋರ್ಟೆಕ್ಸ್ ಸರ್ ಹೇಳಿದ ಗೆರೆ ಹಾಕಿದೆ. ಮುಕ್ಕಾಲು ಭಾಗ ನೆಟ್ಟಗೆ ಏರುತ್ತದೆ, ಕೊನೆಯಲ್ಲಿ ಒಂದು ಜಿಗಿತ. ಪ್ಯಾರಾವ್ಯೂನಲ್ಲಿ ಗುಡ್ಡೆ ಎರಡು ಕಡೆ ಕಾಣುತ್ತಿದೆ, ಒಂದು ಸುಳಿಯ ಅಂಚಿನಲ್ಲಿ, ಇನ್ನೊಂದು ಔಟ್‌ಲೆಟ್‌ನ ಒಳಮೂಲೆಯಲ್ಲಿ. ಆ ಮೂಲೆಯಲ್ಲಿ ಪ್ರೈಮಲ್ ನೋಡಿದರೆ ಒಂದು ಅಂಗೈಯಷ್ಟು ಜಾಗದಲ್ಲಿ ಗಾಳಿ ಒಳಗೆ ಬರುತ್ತಿದೆ!

ಎಂಟನೇ_ಕ್ರಾಸ್

ಅದೇ. ಒಟ್ಟು ಪ್ರೆಶರ್ ನಷ್ಟದ ಗುರಿ ಇಟ್ಟಾಗ ಔಟ್‌ಲೆಟ್‌ನಲ್ಲಿ ಅಡ್ಜಾಯಿಂಟ್‌ಗೆ ಬರುವ ಕಂಡಿಷನ್ ಪ್ರೈಮಲ್‌ನ ಹೊರಹೋಗುವ ವೇಗವನ್ನೇ ನೆಚ್ಚಿಕೊಂಡಿದೆ. ಆ ವೇಗ ಶೂನ್ಯದ ಹತ್ತಿರ ಬಂದರೆ ಅಡ್ಡ ಘಟಕಕ್ಕೆ ಹಿಡಿತವೇ ಇರುವುದಿಲ್ಲ, ಚಿಹ್ನೆ ತಿರುಗಿದರೆ ಕಂಡಿಷನ್ ಅರ್ಥವೇ ಕಳೆದುಕೊಳ್ಳುತ್ತದೆ. ಔಟ್‌ಲೆಟ್‌ಗೆ ನೆಟ್ಟಗಿನ ಪೈಪ್ ಸೇರಿಸಿ, ಅಗಲದ 5ರಿಂದ 10 ಪಟ್ಟು ಉದ್ದ. ಆ ಭಾಗವನ್ನು ಕಂಟ್ರೋಲ್ ಬಾಕ್ಸಿನ ಹೊರಗೆ ಇಡಿ. ಪೈಪಿನ ಗೋಡೆ ಘರ್ಷಣೆಯೂ ನಷ್ಟಕ್ಕೆ ಸೇರುತ್ತದೆ, ಆದರೆ ಅದು ಹೆಚ್ಚು ಕಡಿಮೆ ಎಲ್ಲ ಆಕಾರಕ್ಕೂ ಒಂದೇ, ಹೋಲಿಕೆಗೆ ಅಡ್ಡಿಯಿಲ್ಲ. ಗ್ರಾಹಕರ ಕ್ಯಾಡ್ ಎಲ್ಲಿ ನಿಂತರೇನು, ಗಾಳಿ ಅಲ್ಲಿ ನಿಲ್ಲುವುದಿಲ್ಲ.

ರಾಜಾಜಿನಗರ_ರೆನಾಲ್ಡ್ಸ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಎಸ್‌ಯು2 ಅನ್ನುವ ಇನ್ನೊಂದು ಹರಿವಿನ ಸಾಫ್ಟ್‌ವೇರ್‌ಗೆ ಹೋದರೆ ಈ ತಲೆನೋವು ಇಲ್ಲ ಅಂತಾರಲ್ಲ? ಡಿಸ್ಕ್ರೀಟ್ ಅಡ್ಜಾಯಿಂಟ್, ಕೋಡನ್ನೇ ಡಿಫರೆನ್ಷಿಯೇಟ್ ಮಾಡಿಬಿಡುತ್ತದೆ, ಎಟಿಸಿ ಗಿಟಿಸಿ ಏನೂ ಇಲ್ಲ.

ವೋರ್ಟೆಕ್ಸ್_ವಿಜಯನಗರ

ಅರ್ಧ ನಿಜ. ಡಿಸ್ಕ್ರೀಟ್‌ನಲ್ಲಿ ಗ್ರೇಡಿಯಂಟ್ ಆ ಮೆಶ್‌ಗೆ ಕರಾರುವಾಕ್ಕಾಗಿರುತ್ತದೆ, ಬೌಂಡರಿ ಕಂಡಿಷನ್ ಕೈಯಲ್ಲಿ ಬರೆಯುವ ಗೋಜಿಲ್ಲ. ಮೆಮೊರಿ ಜಾಸ್ತಿ ತಿನ್ನುತ್ತದೆ. ಆದರೆ ಅಲ್ಲಿ ಬಿಡಿಸುವುದು ಪ್ರೈಮಲ್ ಜಾಕೋಬಿಯನ್‌ನ (ಸಮೀಕರಣಗಳ ಡೆರಿವೇಟಿವ್ ಮ್ಯಾಟ್ರಿಕ್ಸ್) ಟ್ರಾನ್ಸ್‌ಪೋಸ್, ಮೋಡ್ ಬೆಳೆಯುತ್ತದೋ ಇಳಿಯುತ್ತದೋ ಅಂತ ಹೇಳುವ ಐಗನ್‌ವ್ಯಾಲ್ಯೂ ಎರಡಕ್ಕೂ ಒಂದೇ. ಪ್ರೈಮಲ್ ಇಟರೇಷನ್ ಪೂರ್ತಿ ಇಳಿಯದೆ ಸುತ್ತು ಹೊಡೆಯುತ್ತಿದ್ದರೆ ಅಡ್ಜಾಯಿಂಟ್ ಕೂಡ ಅದೇ ರೋಗ ಹೊತ್ತುಕೊಂಡೇ ಬರುತ್ತದೆ. ಟರ್ಬೈನ್ ಕೆಲಸದಲ್ಲಿ ಇದನ್ನು ನೇರವಾಗಿ ಎದುರಿಸಿದವರು ಕಾಂಪೊಬಾಸ್ಸೊ ಮತ್ತು ಜೈಲ್ಸ್. ಬೆಳೆಯುವ ಕೆಲವೇ ಮೋಡ್‌ಗಳನ್ನು ಬೇರೆ ತೆಗೆದು ನ್ಯೂಟನ್ ವಿಧಾನದಲ್ಲಿ ಬಿಡಿಸಿ, ಉಳಿದದ್ದನ್ನು ಮಾಮೂಲಿ ಇಟರೇಷನ್‌ಗೆ ಬಿಡುವುದು. ಆ ಉಪಾಯ ಶ್ರಾಫ್ ಮತ್ತು ಕೆಲ್ಲರ್ 1993ರಲ್ಲಿ ಕೊಟ್ಟದ್ದು. ಚೆನ್ನಾಗಿದೆ, ಆದರೆ ಸೋಮವಾರದೊಳಗೆ ಕೋಡ್ ಮಾಡುವಂಥದ್ದಲ್ಲ.

ಪೀಣ್ಯ ಅವರೇ, ಪೈಪ್ ಸೇರಿಸಿದ ಮೇಲೂ ಗೆರೆ ಏರಿದರೆ ಪ್ರೈಮಲ್ ಫೀಲ್ಡ್‌ಗಳ ಸರಾಸರಿ ತೆಗೆಯಿರಿ. ಸಾಲ್ವರ್‌ನಲ್ಲೇ ಎವರೇಜಿಂಗ್ ಇದೆ, ಯಾವ ಇಟರೇಷನ್‌ನಿಂದ ಶುರು ಅಂತ ಕೊಟ್ಟರೆ ಆಯಿತು. ಸರಾಸರಿ ಹರಿವಿನ ಸುತ್ತ ಲೀನಿಯರ್ ಮಾಡಿದರೆ ಬೆಳೆಯುವ ಮೋಡ್ ಸಾಮಾನ್ಯವಾಗಿ ಮಂಕಾಗುತ್ತದೆ. ಗ್ರೇಡಿಯಂಟ್ ಅಂದಾಜು ಆಗುತ್ತದೆ ಅನ್ನೋದು ನೆನಪಿರಲಿ. ಸರಿಯಾದ ದಾರಿ ಅನ್‌ಸ್ಟೆಡಿ ಅಡ್ಜಾಯಿಂಟ್, ಕಾಲವನ್ನು ಹಿಂದಕ್ಕೆ ಓಡಿಸುವುದು. ಅದಕ್ಕೆ ಪ್ರೈಮಲ್‌ನ ಇಡೀ ಚರಿತ್ರೆ ಡಿಸ್ಕ್‌ನಲ್ಲಿ ಬೇಕು, ಇಲ್ಲವೇ ಅಲ್ಲಲ್ಲಿ ಚೆಕ್‌ಪಾಯಿಂಟ್ ಇಟ್ಟು ನಡುವಿನದನ್ನು ಮತ್ತೆ ಲೆಕ್ಕ ಹಾಕಬೇಕು. ಒಂದು ಬಸ್ ಡಕ್ಟ್‌ಗೆ ಅಷ್ಟು ಬೇಡ.

ಪೀಣ್ಯ_ಡಕ್ಟ್

ಅಪ್‌ಡೇಟ್. ಪೈಪ್ 8 ಪಟ್ಟು ಉದ್ದ ಸೇರಿಸಿದೆ. ಔಟ್‌ಲೆಟ್‌ನ ಗುಡ್ಡೆ ಹೋಯಿತು, ಕೊನೆಯ ಜಿಗಿತವೂ ಹೋಯಿತು. ಸುಳಿಯ ಅಂಚಿನದು ಇನ್ನೂ ಏರುತ್ತಿತ್ತು, ಆದರೆ ಇಳಿಜಾರು ಕಡಿಮೆ. ಸರಾಸರಿ ಆನ್ ಮಾಡಿ, ಗೋಡೆ ಪಕ್ಕ ಮಾತ್ರ ಎಟಿಸಿ ಶೂನ್ಯ ಮಾಡಿದ ಮೇಲೆ ಗೆರೆ ಮೊದಲು ಬಾಗಿ, ಆಮೇಲೆ ಇಳಿಯಿತು. ಅಡ್ಜಾಯಿಂಟ್ ಈಗ 10⁻⁵ ಹತ್ತಿರ ಇದೆ. ರಿಲ್ಯಾಕ್ಸೇಶನ್ ಮತ್ತೆ 0.5ಕ್ಕೆ ತಂದರೂ ಅಲ್ಲಾಡಲಿಲ್ಲ.

ಗ್ರೇಡಿಯಂಟ್ ನಂಬಬಹುದಾ ಅಂತ ಹೇಗೆ ನೋಡೋದು? ಒಂದು ಕಂಟ್ರೋಲ್ ಪಾಯಿಂಟನ್ನು 0.01 ಮಿ.ಮೀ. ಆಚೆ ಈಚೆ ಸರಿಸಿ ಫೈನೈಟ್ ಡಿಫರೆನ್ಸ್ ಮಾಡಿದರೆ ಉತ್ತರ ಅಡ್ಡಾದಿಡ್ಡಿ ಬರುತ್ತಿದೆ.

ಮಾರ್ಫ್_ಬಸವನಗುಡಿ

0.01 ತೀರಾ ಸಣ್ಣದು. ನಿಮ್ಮ ಪ್ರೈಮಲ್ ಇನ್ನೂ ಅಲ್ಲಾಡುತ್ತಿದೆ, ನಷ್ಟದ ಬೆಲೆಯೂ ಅದರ ಜೊತೆ ಆಡುತ್ತದೆ. ಪಾಯಿಂಟ್ ಸರಿಸಿದ್ದರಿಂದ ಬಂದ ಬದಲಾವಣೆ ಆ ಆಟಕ್ಕಿಂತ ಚಿಕ್ಕದಾದರೆ ನೀವು ಅಳೆಯುತ್ತಿರುವುದು ಬರೀ ಗದ್ದಲ. ಮೊದಲು ನಷ್ಟದ ಗ್ರಾಫ್ ನೋಡಿ, ಎಷ್ಟು ಅಗಲಕ್ಕೆ ಏರಿಳಿಯುತ್ತದೆ ಅಂತ. ಆಮೇಲೆ ಸರಾಸರಿ ನಷ್ಟ ಅದಕ್ಕಿಂತ ಹಲವು ಪಟ್ಟು ಬದಲಾಗುವಷ್ಟು ಸರಿಸಿ. ಈ ಗಾತ್ರದ ಡಕ್ಟ್‌ಗೆ 0.5 ಮಿ.ಮೀ.ಯಿಂದ ಶುರು ಮಾಡಿ, ಪ್ಲಸ್ಸಿಗೂ ಮೈನಸ್ಸಿಗೂ. 1 ಮಿ.ಮೀ.ಗೂ ಅದೇ ಇಳಿಜಾರು ಬಂದರೆ ನಂಬಬಹುದು. ಎಲ್ಲ ಪಾಯಿಂಟ್ ಬೇಡ, ಹೊರಬಾಗಿನಲ್ಲಿ ಒಂದು, ಸುಳಿ ಹುಟ್ಟುವ ಜಾಗಕ್ಕೆ ಸ್ವಲ್ಪ ಮೊದಲು ಒಂದು, ಸುಳಿಯ ಒಳಗೆ ಒಂದು.

ಅಡ್ಜಾಯಿಂಟ್ ಕನ್ವರ್ಜ್ ಆಯಿತು ಅಂತ ಮೈಮರೆಯಬೇಡಿ, ನಿಮ್ಮ ಮುಂದಿನ ಸ್ಫೋಟ ಮಾರ್ಫಿಂಗ್‌ನಲ್ಲಿ, ಅಂದರೆ ಮೆಶ್‌ನ ಆಕಾರ ಬದಲಿಸುವಾಗ, ಕಾಯುತ್ತಿದೆ. ಮೊದಲ ಹೆಜ್ಜೆಯಲ್ಲೇ ಸಾಲ್ವರ್‌ಗೆ ಸ್ವಾತಂತ್ರ್ಯ ಕೊಟ್ಟರೆ ಗೋಡೆಯನ್ನು ಸೆಂಟಿಮೀಟರ್‌ಗಟ್ಟಲೆ ಎಳೆದು, ಲೇಯರ್ ಸೆಲ್‌ಗಳು ಮಡಚಿಕೊಂಡು, ನೆಗೆಟಿವ್ ವಾಲ್ಯೂಮ್ ಬಂದು ನಿಲ್ಲುತ್ತದೆ. ಗರಿಷ್ಠ ಸರಿತವನ್ನು 1 ಅಥವಾ 2 ಮಿ.ಮೀ.ಗೆ ಕಟ್ಟಿಹಾಕಿ. ಪ್ರತಿ ಸುತ್ತಿಗೂ ಮೆಶ್ ಪರೀಕ್ಷಿಸುವ ಚೆಕ್‌ಮೆಶ್ ಓಡಿಸಿ, ನಾನ್-ಆರ್ಥೋಗೊನಾಲಿಟಿ (ಸೆಲ್‌ಗಳ ಓರೆತನದ ಕೋನ) 70 ಡಿಗ್ರಿ ದಾಟಿದರೆ ಅಲ್ಲೇ ನಿಲ್ಲಿಸಿ ಹೊಸ ಮೆಶ್ ಮಾಡಿ. ಕಂಟ್ರೋಲ್ ಬಾಕ್ಸಿನ ಅಂಚಿನ ಎರಡು ಸಾಲು ಪಾಯಿಂಟ್‌ಗಳನ್ನು ಅಲ್ಲಾಡದ ಹಾಗೆ ಇಡಿ, ಇಲ್ಲದಿದ್ದರೆ ನೀವು ಸೇರಿಸಿದ ಪೈಪ್ ಕೂಡುವ ಕಡೆ ಮೆಟ್ಟಿಲಿನ ಹಾಗೆ ಮುರಿದುಕೊಳ್ಳುತ್ತದೆ.

ಪೀಣ್ಯ_ಡಕ್ಟ್

ಥ್ಯಾಂಕ್ಸ್ ಮೇಡಂ. 0.5ಕ್ಕೂ 1ಕ್ಕೂ ಮಾಡಿದೆ. ಹೊರಬಾಗಿನ ಪಾಯಿಂಟ್ ಮತ್ತು ಸುಳಿಗೆ ಮೊದಲಿನದು ಅಡ್ಜಾಯಿಂಟ್ ಜೊತೆ ಚೆನ್ನಾಗಿ ಹೊಂದುತ್ತವೆ. ಸುಳಿಯ ಒಳಗಿನದು ಚಿಹ್ನೆ ಸರಿ ಇದೆ, ಬೆಲೆ ಅರ್ಧಕ್ಕರ್ಧ. ಎಟಿಸಿ ಪೂರ್ತಿ ಆಫ್ ಮಾಡಿಯೂ ಒಮ್ಮೆ ನೋಡಿದೆ, ಗಿರಿನಗರ ಅವರು ಬೇಜಾರಾಗಬಾರದು, ಅದೇ ಪಾಯಿಂಟ್‌ನಲ್ಲಿ ಚಿಹ್ನೆ ಉಲ್ಟಾ ಬಂತು.

ಗಿರಿನಗರ_ಗ್ರಿಡ್

ಬೇಜಾರೇನಿಲ್ಲ ಗುರು. ಆ ಮೂರು ಪಾಯಿಂಟ್‌ಗಳ ಟೇಬಲ್ ಇಲ್ಲಿ ಹಾಕಿ, ನಮ್ಮ ಟೀಮ್‌ನಲ್ಲೂ ತೋರಿಸಬೇಕು.

ವೋರ್ಟೆಕ್ಸ್_ವಿಜಯನಗರ

ಸುಳಿಯ ಒಳಗಿನ ಬೆಲೆ ಅರ್ಧ ಬಂದದ್ದು ಸರಾಸರಿಯ ಕಿಟಕಿ ಚಿಕ್ಕದಾಗಿರುವುದರಿಂದಲೂ ಇರಬಹುದು. ಸುಳಿಯ ಹತ್ತಿರ ಒಂದು ಪ್ರೋಬ್ ಇಟ್ಟು ಅಲ್ಲಾಟದ ಒಂದು ಸುತ್ತಿಗೆ ಎಷ್ಟು ಇಟರೇಷನ್ ಅಂತ ಎಣಿಸಿ, ಕನಿಷ್ಠ ಐದಾರು ಸುತ್ತು ಕಿಟಕಿಯೊಳಗೆ ಬರಲಿ. ಆಮೇಲೂ ಅರ್ಧವೇ ಬಂದರೆ ಆ ಪಾಯಿಂಟನ್ನು ಮೊದಲ ಎರಡು ಸುತ್ತು ಕಟ್ಟಿಹಾಕಿ. ಸುಳಿಗೆ ಮೊದಲಿನ ಗೋಡೆ ಸರಿಹೋದರೆ ಸುಳಿಯೇ ಚಿಕ್ಕದಾಗುತ್ತದೆ, ಪ್ರೈಮಲ್ ರೆಸಿಡ್ಯುಯಲ್ ಕೂಡ 10⁻⁴ರಿಂದ ಕೆಳಗೆ ಇಳಿಯಬೇಕು. ಇಳಿದರೆ ಸರಾಸರಿ ಆಫ್ ಮಾಡಿ ಒಮ್ಮೆ ಓಡಿಸಿ ನೋಡಿ.